ಯಶಸ್ವಿನಿ: ರೈತರ ಆರೋಗ್ಯ ನಿಧಿಯ ಏಳುಬೀಳು

ಸಹಕಾರ ಸಂಘಗಳ ಸದಸ್ಯರಾದ ರೈತರು ಹಾಗೂ ಅವರ ಕುಟುಂಬದವರಿಗೆ ನಗದುರಹಿತ ಶಸ್ತ್ರಚಿಕಿತ್ಸೆ ಒದಗಿಸಲು ಕರ್ನಾಟಕದಲ್ಲಿ 2003ರ ಜೂನ್‌ನಲ್ಲಿ ಜಾರಿಗೆ ಬಂದ ಯೋಜನೆಯೇ ಯಶಸ್ವಿನಿ. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಪರಿಕಲ್ಪನೆಯಾದ ಇದನ್ನು ಸಹಕಾರ ಇಲಾಖೆಯ ಬೆಂಬಲದೊಂದಿಗೆ ಟ್ರಸ್ಟ್ ಮೂಲಕ ನಡೆಸಲಾಯಿತು.

ವಂತಿಗೆ ಮತ್ತು ಅನುದಾನ

ಇದು ವಿಮಾ ಕಂಪೆನಿಯನ್ನು ಆಶ್ರಯಿಸದ ಸ್ವಯಂ ನಿಧಿ ಯೋಜನೆ. ಆರಂಭದಲ್ಲಿ ಸದಸ್ಯರ ವಂತಿಗೆ ತಲಾ ತಿಂಗಳಿಗೆ 5 ರೂ., ಅಂದರೆ ವರ್ಷಕ್ಕೆ 60 ರೂ. ಮಾತ್ರ. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ನೋಂದಾಯಿಸಿಕೊಂಡರು. ಆದರೆ ವಂತಿಗೆಯಿಂದಷ್ಟೇ ವೆಚ್ಚ ಸರಿದೂಗದ ಕಾರಣ ಸರ್ಕಾರದ ಅನುದಾನ ಅನಿವಾರ್ಯವಾಯಿತು. ವಂತಿಗೆ 120 ರೂ.ಗೆ ಏರಿದಾಗ ಸದಸ್ಯರ ಸಂಖ್ಯೆ ಇಳಿಯಿತು. ಕೊರತೆಯ ಹೊರೆಯನ್ನು ಬಡವರ ಮೇಲೆ ಹೊರಿಸಿದರೆ ಅವರು ಯೋಜನೆಯಿಂದಲೇ ದೂರ ಸರಿಯುತ್ತಾರೆ ಎಂಬುದಕ್ಕೆ ಇದು ನಿದರ್ಶನ.

ವಿಲೀನದ ಪರಿಣಾಮ

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ಅದೇ ವರ್ಷ ಆ ಯೋಜನೆ ಕೇಂದ್ರದ ಆಯುಷ್ಮಾನ್ ಭಾರತ್ ಜತೆ ಸಂಯೋಜನೆಗೊಂಡಿತು. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ದೊರೆಯುವಂತಾದರೂ, ಎಪಿಎಲ್ ಚೀಟಿಯ ಸಣ್ಣ ರೈತನಿಗೆ ಸರ್ಕಾರ ಭರಿಸುವುದು ನಿಗದಿತ ದರದ ಶೇ 30ರಷ್ಟನ್ನು ಮಾತ್ರ. ಉಳಿದ ಶೇ 70ಕ್ಕೆ ಕೈಸಾಲವೋ ಒಡವೆ ಅಡವೋ ಗತಿ. ತುರ್ತು ಸಂದರ್ಭ ಹೊರತುಪಡಿಸಿದರೆ, ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಕಡ್ಡಾಯವಾಯಿತು.

ಮರುಜಾರಿ

ರೈತರ ಒತ್ತಾಯದ ಹಿನ್ನೆಲೆಯಲ್ಲಿ 2022-23ರ ಬಜೆಟ್‌ನಲ್ಲಿ 300 ಕೋಟಿ ರೂ. ಘೋಷಿಸಿ ಯೋಜನೆಯನ್ನು ಪುನರಾರಂಭಿಸಲಾಯಿತು. ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ 500 ರೂ., ನಗರದ ಕುಟುಂಬಕ್ಕೆ 1,000 ರೂ. ವಂತಿಗೆ ನಿಗದಿಯಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಂತಿಗೆಯನ್ನು ಸರ್ಕಾರವೇ ವಹಿಸಿಕೊಂಡಿತು. ಚಿಕಿತ್ಸಾ ವೆಚ್ಚದ ವಾರ್ಷಿಕ ಮಿತಿ ಕುಟುಂಬಕ್ಕೆ 5 ಲಕ್ಷ ರೂ.

ನಿಧಿಯ ರಕ್ಷಣೆ ಏಕೆ?

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನರು ಸ್ವಂತ ಜೇಬಿನಿಂದಲೇ ಭರಿಸಿದ್ದಾರೆ. ರಾಜ್ಯಗಳು ಬಜೆಟ್‌ನ ಶೇ 8ಕ್ಕಿಂತ ಹೆಚ್ಚು ಹಣವನ್ನು ಆರೋಗ್ಯಕ್ಕೆ ಮೀಸಲಿಡಬೇಕೆಂಬುದು 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಆಶಯ. ಆದರೆ ಹಣ ಘೋಷಿಸಿದರಷ್ಟೇ ಸಾಲದು. ಆಸ್ಪತ್ರೆಗಳಿಗೆ ಸಕಾಲದಲ್ಲಿ ಬಿಲ್ ಪಾವತಿಯಾಗದಿದ್ದರೆ ಅವು ಯೋಜನೆಯಿಂದ ಹಿಂದೆ ಸರಿಯುತ್ತವೆ. ರೋಗಿಯ ಬಳಿ ಕಾರ್ಡ್ ಇದ್ದೂ ಚಿಕಿತ್ಸೆ ಸಿಗದು. ಅನುದಾನ ಪ್ರತಿ ವರ್ಷ ತಪ್ಪದೆ ಬಿಡುಗಡೆಯಾಗುವುದು ಮತ್ತು ಯೋಜನೆ ಬದಲಾಗುವಾಗ ಹಳೆಯ ಸದಸ್ಯರ ಸೌಲಭ್ಯ ಕಡಿತಗೊಳ್ಳದಿರುವುದು, ಇವೆರಡೂ ಖಾತ್ರಿಯಾದರೆ ಮಾತ್ರ ರೈತ ಕಟ್ಟಿದ ವಂತಿಗೆಗೆ ಬೆಲೆ.