ಇನ್‌ಪುಟ್, ಔಟ್‌ಪುಟ್ ಮತ್ತು ಕ್ಲಾಸ್: ಹುಟ್ಟು ಮತ್ತು ಬೋಧನೆಯ ಚರಿತ್ರೆ

ಕಂಪ್ಯೂಟರಿಗೆ ಹೊರಗಿನಿಂದ ಮಾಹಿತಿ ಕೊಡುವುದು ಇನ್‌ಪುಟ್. ಅದು ಲೆಕ್ಕ ಮುಗಿಸಿ ಪರದೆಗೋ ಕಾಗದಕ್ಕೋ ಫೈಲಿಗೋ ಹಾಕುವುದು ಔಟ್‌ಪುಟ್. ಒಂದು ಬಗೆಯ ಮಾಹಿತಿಯನ್ನೂ ಅದರ ಮೇಲೆ ನಡೆಯಬೇಕಾದ ಕೆಲಸಗಳನ್ನೂ ಒಟ್ಟಿಗೆ ಕಟ್ಟಿ ಬರೆದ ವಿವರಣೆಗೆ ಕ್ಲಾಸ್ ಎಂದು ಹೆಸರು. ಆ ವಿವರಣೆಯಂತೆ, ಪ್ರೋಗ್ರಾಂ ಓಡುವಾಗ ಮೆಮೊರಿಯಲ್ಲಿ ರೂಪುಗೊಳ್ಳುವ ಒಂದೊಂದು ಪ್ರತಿಯೂ ಆಬ್ಜೆಕ್ಟ್. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಯಲು ಕೂತವರಿಗೆ ಇವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಹೇಳಿಕೊಡುವುದು ವಾಡಿಕೆ. ಮೊದಲ ವಾರ ಪರದೆಯ ಮೇಲೆ ಒಂದು ಸಾಲು ಮೂಡಿಸುವುದು, ಆಮೇಲೆ ಕೀಲಿಮಣೆಯಿಂದ ಅಂಕಿ ಓದಿಕೊಳ್ಳುವುದು, ಪುಸ್ತಕ ಅರ್ಧ ಮುಗಿದ ಮೇಲೆ ಕ್ಲಾಸ್. ಚರಿತ್ರೆ ಮಾತ್ರ ಈ ಕ್ರಮದಲ್ಲಿ ನಡೆದಿಲ್ಲ. ಕ್ಲಾಸ್ ಎಂಬ ರಚನೆ ಹುಟ್ಟಿದ ಭಾಷೆಯಲ್ಲೇ ಇನ್‌ಪುಟ್, ಔಟ್‌ಪುಟ್ ಎರಡೂ ಕ್ಲಾಸ್‌ಗಳಾಗಿದ್ದವು.

ಆ ಭಾಷೆ ಸಿಮ್ಯುಲಾ. ಹುಟ್ಟಿದ್ದು ನಾರ್ವೆಯ ಓಸ್ಲೋದಲ್ಲಿದ್ದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ. ಕಟ್ಟಿದವರು ಕ್ರಿಸ್ಟೆನ್ ನ್ಯೂಗೋರ್ ಮತ್ತು ಓಲೆ-ಯೋಹಾನ್ ಡಾಲ್. ನ್ಯೂಗೋರ್ ಅವರ ಆಸಕ್ತಿ ಇದ್ದದ್ದು ಸರದಿ ಸಾಲು, ಕಾಯುವಿಕೆ, ದಟ್ಟಣೆ ಇಂಥ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದರಲ್ಲಿ. 1962ರಲ್ಲಿ ರೂಪುಗೊಳ್ಳತೊಡಗಿದ ಭಾಷೆಯ ಮೊದಲ ಆವೃತ್ತಿ 1965ರ ಆರಂಭದ ಹೊತ್ತಿಗೆ ಯೂನಿವ್ಯಾಕ್ 1107 ಯಂತ್ರದ ಮೇಲೆ ಓಡುತ್ತಿತ್ತು. ಅದು ಅನುಕರಣೆಗೆಂದೇ ಮೀಸಲಾದ ಭಾಷೆ. ಅದನ್ನು ಎಲ್ಲ ಬಗೆಯ ಕೆಲಸಕ್ಕೂ ಒದಗುವ ಭಾಷೆಯಾಗಿ ಮಾರ್ಪಡಿಸಲು ಹೊರಟಾಗ ಇಬ್ಬರಿಗೂ ಎದುರಾದದ್ದು ಸೇತುವೆಯ ಮೇಲಿನ ಸುಂಕದ ಕಟ್ಟೆಯ ಉದಾಹರಣೆ. ಕಟ್ಟೆಯ ಮುಂದೆ ವಾಹನಗಳು ಸಾಲುಗಟ್ಟಿವೆ. ಕೆಲವು ಲಾರಿ, ಕೆಲವು ಬಸ್ಸು. ಲಾರಿಗೆ ಹೊರೆಯ ಲೆಕ್ಕ ಬೇಕು, ಬಸ್ಸಿಗೆ ಪ್ರಯಾಣಿಕರ ಲೆಕ್ಕ ಬೇಕು. ಸಾಲಿಗೆ ಅದಾವುದೂ ಬೇಡ, ಯಾರ ಹಿಂದೆ ಯಾರಿದ್ದಾರೆ ಎಂದು ತಿಳಿದರೆ ಸಾಕು. ಲಾರಿಗೊಂದು, ಬಸ್ಸಿಗೊಂದು ಸಾಲಿನ ನಿಯಮ ಬರೆಯುತ್ತಾ ಹೋದರೆ ಕೆಲಸ ಮುಗಿಯುವಂಥದಲ್ಲ.

ಬ್ರಿಟನ್ನಿನ ಟೋನಿ ಹೋರ್ ಆ ಹೊತ್ತಿಗಾಗಲೇ ರೆಕಾರ್ಡ್ ಕ್ಲಾಸ್ ಎಂಬ ಕಲ್ಪನೆಯನ್ನು ಮುಂದಿಟ್ಟಿದ್ದರು. ಅದರಿಂದ ಅರ್ಧ ದಾರಿ ಸವೆಯಿತು. 1966ರ ಕೊನೆ, 1967ರ ಆರಂಭದ ದಿನಗಳಲ್ಲಿ ಉಳಿದರ್ಧ ಹೊಳೆಯಿತು: ಸಾಲಿನಲ್ಲಿ ನಿಲ್ಲುವ ಗುಣವನ್ನಷ್ಟೇ ಒಂದು ಕ್ಲಾಸ್ ಆಗಿ ಬರೆದು, ಲಾರಿ ಮತ್ತು ಬಸ್ಸಿನ ಕ್ಲಾಸ್‌ಗಳ ಹಿಂದೆ ಅದನ್ನು ಪೂರ್ವಪದದಂತೆ ಹಚ್ಚುವುದು. ಇಂದು ಇನ್ಹೆರಿಟೆನ್ಸ್ ಎಂದು ಪರೀಕ್ಷೆಗೆ ಓದುವ ಪಾಠದ ಮೂಲ ಇದೇ. 1967ರ ಮೇ ತಿಂಗಳಲ್ಲಿ ಓಸ್ಲೋ ಬಳಿಯ ಲೀಸೆಬು ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ಸಿಮ್ಯುಲಾ 67 ಮಂಡನೆಯಾಯಿತು.

ಇದರ ಪಕ್ಕದಲ್ಲೇ ನಡೆದ, ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳದೆ ಬಿಡುವ ಇನ್ನೊಂದು ಬೆಳವಣಿಗೆ ಇದೆ. ಸಿಮ್ಯುಲಾದ ತಾಯಿಭಾಷೆಯಾದ ಆಲ್ಗಾಲ್ 60ರ ಅಧಿಕೃತ ವಿವರಣೆಯಲ್ಲಿ ಇನ್‌ಪುಟ್, ಔಟ್‌ಪುಟ್ ಬಗ್ಗೆ ಏನೂ ಇರಲಿಲ್ಲ. ಒಂದೊಂದು ಯಂತ್ರದವರು ತಮತಮಗೆ ತೋಚಿದಂತೆ ಸೇರಿಸಿಕೊಂಡಿದ್ದರು. ಸಿಮ್ಯುಲಾ 67 ಆ ಖಾಲಿ ಜಾಗವನ್ನು ಕ್ಲಾಸ್‌ಗಳಿಂದಲೇ ತುಂಬಿತು. ಫೈಲ್ ಎಂಬುದು ಮೂಲ ಕ್ಲಾಸ್. ಓದುವುದಕ್ಕೆ ಇನ್‌ಫೈಲ್, ಬರೆಯುವುದಕ್ಕೆ ಔಟ್‌ಫೈಲ್, ಮುದ್ರಣಯಂತ್ರಕ್ಕೆ ಪ್ರಿಂಟ್‌ಫೈಲ್, ಎಲ್ಲಿಂದ ಬೇಕಾದರೂ ತೆರೆದು ನೋಡಲು ಡೈರೆಕ್ಟ್‌ಫೈಲ್, ಇವೆಲ್ಲ ಅದರ ಕುಡಿಗಳು. ಪ್ರೋಗ್ರಾಂ ಶುರುವಾಗುವ ಮೊದಲೇ ಸಿಸ್‌ಇನ್, ಸಿಸ್‌ಔಟ್ ಎಂಬ ಎರಡು ಆಬ್ಜೆಕ್ಟ್‌ಗಳು ಸಿದ್ಧವಾಗಿರುತ್ತಿದ್ದವು.

ಒಂದು ಸಾಲು ಮುದ್ರಿಸಲು ಅಲ್ಲಿ ಎರಡು ಹೆಜ್ಜೆ. ಔಟ್‌ಟೆಕ್ಸ್ಟ್ ಎಂದರೆ ಅಕ್ಷರಗಳು ಫೈಲ್ ಆಬ್ಜೆಕ್ಟಿನೊಳಗಿನ ‘ಇಮೇಜ್’ ಎಂಬ ತಾತ್ಕಾಲಿಕ ಸಾಲಿನಲ್ಲಿ ಕೂರುತ್ತವೆ. ಔಟ್‌ಇಮೇಜ್ ಎಂದಾಗ ಆ ಇಡೀ ಸಾಲು ಹೊರಗೆ ಹೋಗುತ್ತದೆ. ಕಾರ್ಡಿಗೆ 80 ಅಕ್ಷರದಂತೆ ತೂತು ಹೊಡೆದು ಓದಿಸುತ್ತಿದ್ದ, ಸಾಲಿಗೆ ಸಾಲೇ ಅಚ್ಚಾಗುತ್ತಿದ್ದ ಕಾಲಕ್ಕೆ ಇದು ಸರಿಯಾಗಿ ಹೊಂದುವ ಏರ್ಪಾಟು. ಸಾಲಿನ ಎಷ್ಟನೆಯ ಮನೆಯಲ್ಲಿದ್ದೇವೆ ಎಂಬ ಲೆಕ್ಕವೂ ಆಯಾ ಆಬ್ಜೆಕ್ಟಿನೊಳಗೇ ಇರುತ್ತಿತ್ತು. ಎರಡು ಫೈಲುಗಳನ್ನು ಒಟ್ಟಿಗೆ ತೆರೆದರೂ ಒಂದರ ಲೆಕ್ಕ ಇನ್ನೊಂದಕ್ಕೆ ತಾಗುವುದಿಲ್ಲ. ಕ್ಲಾಸ್ ಯಾಕೆ ಬೇಕು ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ. ಓದುವ ಕೆಲಸಕ್ಕೆ ನೆನಪು ಬೇಕು, ಎಲ್ಲಿಯವರೆಗೆ ಓದಿದೆ ಎಂಬ ನೆನಪು. ಆ ನೆನಪನ್ನೂ ಓದುವ ಕೆಲಸವನ್ನೂ ಒಂದೇ ಕಡೆ ಇಟ್ಟರೆ ಅದೇ ಕ್ಲಾಸ್.

ಹೊಸಬರಿಗೆ, ಅದರಲ್ಲೂ ಮಕ್ಕಳಿಗೆ ಕಲಿಸುವುದನ್ನೇ ಗುರಿಯಾಗಿಟ್ಟುಕೊಂಡು ಈ ವಿಚಾರವನ್ನು ಬೆಳೆಸಿದವರು ಅಮೆರಿಕದ ಅಲನ್ ಕೇ. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರೊಡನೆ ಅವರು ಸ್ಮಾಲ್‌ಟಾಕ್ ಕಟ್ಟಿದರು. 1972ರಿಂದ ಅದರ ಆವೃತ್ತಿಗಳು ಒಂದರ ಹಿಂದೊಂದು ಬಂದವು. ಗೋಲ್ಡ್‌ಬರ್ಗ್ ಮಕ್ಕಳಿಗೆ ಪಾಠ ಶುರು ಮಾಡುತ್ತಿದ್ದದ್ದು ‘ಜೋ’ ಎಂಬ ಒಂದು ಚೌಕದಿಂದ. ಜೋಗೆ ತಿರುಗು ಎಂದರೆ ಪರದೆಯ ಮೇಲೆ ತಿರುಗುತ್ತದೆ, ಬೆಳೆ ಎಂದರೆ ಬೆಳೆಯುತ್ತದೆ. ಇಲ್ಲಿ ಔಟ್‌ಪುಟ್ ಎಂಬ ಪ್ರತ್ಯೇಕ ಪಾಠವೇ ಬೇಕಾಗಲಿಲ್ಲ. ಆಬ್ಜೆಕ್ಟ್ ಕಣ್ಣ ಮುಂದೆಯೇ ಇತ್ತು.

ಮುಂದಿನ ದಶಕಗಳಲ್ಲಿ ತರಗತಿಗಳು ಹಿಡಿದದ್ದು ಬೇರೆ ದಾರಿ. ಬೆಲ್ ಲ್ಯಾಬ್ಸ್‌ನಲ್ಲಿ ಬ್ರಯನ್ ಕರ್ನಿಗನ್ ಅವರ ಕೈಪಿಡಿಗಳಿಂದ ಹಬ್ಬಿ, 1978ರ ಸಿ ಭಾಷೆಯ ಪುಸ್ತಕದಿಂದ ಗಟ್ಟಿಯಾದ ‘ಹಲೋ, ವರ್ಲ್ಡ್’ ಸಾಲು ಎಲ್ಲೆಡೆ ಮೊದಲ ಪಾಠವಾಯಿತು. ಸಿ ಭಾಷೆಯ ಪ್ರಿಂಟ್ಎಫ್ ಸೊಗಸಾದ ಸಾಧನ, ಆದರೆ ಹೊಸಬರಿಗೆ ಅಪಾಯಕಾರಿ. ದಶಮಾಂಶ ಸಂಖ್ಯೆ ಕೊಟ್ಟು, ಪೂರ್ಣಾಂಕ ಮುದ್ರಿಸು ಎಂದು ಬರೆದರೆ ಅಂದಿನ ಕಂಪೈಲರ್ ಚಕಾರವೆತ್ತುತ್ತಿರಲಿಲ್ಲ. ಪರದೆಯ ಮೇಲೆ ಅರ್ಥವಿಲ್ಲದ ಅಂಕಿ ಬರುತ್ತಿತ್ತು.

ಡೆನ್ಮಾರ್ಕಿನ ಬ್ಯಾರ್ನೆ ಸ್ಟ್ರೌಸ್ಟ್ರಪ್ ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಮಾಡುವಾಗ ಸಿಮ್ಯುಲಾ ಬಳಸಿದ್ದರು. ಅದರ ಕ್ಲಾಸ್‌ಗಳು ಅವರಿಗೆ ಹಿಡಿಸಿದವು, ಅದರ ನಿಧಾನಗತಿ ಹಿಡಿಸಲಿಲ್ಲ. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಗೆ ಕ್ಲಾಸ್ ಸೇರಿಸುವ ಕೆಲಸಕ್ಕೆ ಕೈಹಾಕಿದರು. 1983ರಲ್ಲಿ ಅದಕ್ಕೆ ಸಿ++ ಎಂಬ ಹೆಸರು ಬಂತು. ಔಟ್‌ಪುಟ್‌ಗೆ ಫಂಕ್ಷನ್ ಬದಲು ಒಂದು ಚಿಹ್ನೆ ಬಳಸಬಹುದೆಂದು ಸೂಚಿಸಿದವರು ಅದೇ ಪ್ರಯೋಗಾಲಯದ ಡಗ್ ಮ್ಯಾಕಿಲ್ರಾಯ್. ಕೊನೆಗೆ ನಿಂತದ್ದು ಎಡಮುಖದ ಜೋಡಿ ಬಾಣದ ಚಿಹ್ನೆ. ಮುಂದೆ ಜೆರ್ರಿ ಶ್ವಾರ್ಟ್ಸ್ ಇಡೀ ಏರ್ಪಾಟನ್ನು ಐಒಸ್ಟ್ರೀಮ್ ಎಂದು ಪುನಃ ರೂಪಿಸಿದರು. ಅದರಲ್ಲಿ ಪರದೆಗೆ ಬರೆಯುವ ಸಿಔಟ್ ಒಂದು ಆಬ್ಜೆಕ್ಟ್. ಅದಕ್ಕೆ ಪೂರ್ಣಾಂಕ ಕೊಟ್ಟರೆ ಪೂರ್ಣಾಂಕದಂತೆ, ದಶಮಾಂಶ ಕೊಟ್ಟರೆ ದಶಮಾಂಶದಂತೆ ಮುದ್ರಿಸುವ ನಿರ್ಧಾರ ಕಂಪೈಲರಿನದು. ವಿದ್ಯಾರ್ಥಿ ತಾನೇ ಬರೆದ ಕ್ಲಾಸಿಗೂ ಆ ಬಾಣವನ್ನು ಕಲಿಸಿಕೊಡಬಹುದು ಎಂಬುದೇ ಇದರ ದೊಡ್ಡ ಗೆಲುವು.

ಕರ್ನಾಟಕದಲ್ಲಿ ಎರಡನೆಯ ಪಿಯುಸಿ ಕಂಪ್ಯೂಟರ್ ಸೈನ್ಸ್ ಹಲವು ವರ್ಷ ಸಿ++ ಮೂಲಕವೇ ನಡೆಯಿತು. ಬೋರ್ಲ್ಯಾಂಡ್ ಕಂಪನಿ 1990ರಲ್ಲಿ ಹೊರತಂದ ಟರ್ಬೊ ಸಿ++ನ ನೀಲಿ ಪರದೆ, ಭಾಷೆಯ ಅಂತರರಾಷ್ಟ್ರೀಯ ಮಾನಕ 1998ರಲ್ಲಿ ಬಂದ ಮೇಲೂ ದೇಶದ ಅನೇಕ ಕಾಲೇಜು ಲ್ಯಾಬ್‌ಗಳಲ್ಲಿ ಉಳಿದಿತ್ತು. ಮೊದಲ ಸಾಲಿನಲ್ಲಿ ಐಒಸ್ಟ್ರೀಮ್ ಡಾಟ್ ಎಚ್, ಎರಡನೆಯದರಲ್ಲಿ ಕೊನಿಯೊ ಡಾಟ್ ಎಚ್, ಪರದೆ ಒರೆಸಲು ಕ್ಲಿಯರ್‌ಸ್ಕ್ರೀನ್, ಕೊನೆಗೆ ಉತ್ತರ ಕಾಣುವಷ್ಟು ಹೊತ್ತು ಪರದೆ ನಿಲ್ಲಲು ಗೆಟ್‌ಸಿಎಚ್: ಲ್ಯಾಬ್ ರೆಕಾರ್ಡ್ ಬರೆದವರ ಕೈಗೆ ಇದು ಇಂದಿಗೂ ಬರುತ್ತದೆ. ಅಲ್ಲಿಯ ಕ್ಲಾಸ್‌ಗಳಲ್ಲಿ ಗೆಟ್‌ಡೇಟಾ, ಪುಟ್‌ಡೇಟಾ ಎಂಬ ಎರಡು ಫಂಕ್ಷನ್‌ಗಳು ತಪ್ಪದೆ ಇರುತ್ತಿದ್ದವು. ಒಂದು ಕೀಲಿಮಣೆಯಿಂದ ಓದುತ್ತದೆ, ಇನ್ನೊಂದು ಪರದೆಗೆ ಬರೆಯುತ್ತದೆ. ಇನ್‌ಪುಟ್, ಔಟ್‌ಪುಟ್, ಕ್ಲಾಸ್ ಮೂರನ್ನೂ ಒಂದೇ ಪುಟದಲ್ಲಿ ತೋರಿಸುವ ಈ ವಿಧಾನ ಬೇಗ ಅರ್ಥವಾಗುತ್ತದೆ, ನಿಜ. ಆದರೆ ಕ್ಲಾಸ್ ಎಂದಮೇಲೆ ಅದು ತಾನೇ ಕೀಲಿಮಣೆಯಿಂದ ಓದಬೇಕು ಎಂಬ ಅಭ್ಯಾಸವನ್ನೂ ಬೆಳೆಸುತ್ತದೆ. ಹಾಗೆ ಬರೆದ ‘ವಿದ್ಯಾರ್ಥಿ’ ಎಂಬ ಕ್ಲಾಸನ್ನು ನಾಳೆ ಫೈಲಿನಿಂದ ಅಂಕ ತೆಗೆದುಕೊಳ್ಳುವಲ್ಲಿ ಬಳಸಲು ಬರುವುದಿಲ್ಲ. ಲೆಕ್ಕ ಮಾಡುವ ಕ್ಲಾಸ್ ಬೇರೆ, ಓದಿ ಬರೆಯುವ ಕ್ಲಾಸ್ ಬೇರೆ ಇರಲಿ ಎಂಬುದನ್ನು ಮೊದಲ ತಿಂಗಳಲ್ಲೇ ಹೇಳಿಕೊಡುವುದು ಒಳ್ಳೆಯದು.

ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೇಮ್ಸ್ ಗಾಸ್ಲಿಂಗ್ ರೂಪಿಸಿ 1995ರಲ್ಲಿ ಪ್ರಕಟವಾದ ಜಾವಾ, ಎಲ್ಲವೂ ಕ್ಲಾಸಿನ ಒಳಗೇ ಇರಬೇಕು ಎಂದು ಪಟ್ಟು ಹಿಡಿಯಿತು. ಸಿಸ್ಟಮ್ ಡಾಟ್ ಔಟ್ ಡಾಟ್ ಪ್ರಿಂಟ್‌ಎಲ್ಎನ್ ಎಂಬ ಮೊದಲ ಸಾಲಿನಲ್ಲೇ ಒಂದು ಕ್ಲಾಸ್, ಅದರೊಳಗಿನ ಒಂದು ಆಬ್ಜೆಕ್ಟ್, ಆ ಆಬ್ಜೆಕ್ಟ್ ಮಾಡಬಲ್ಲ ಒಂದು ಕೆಲಸ, ಮೂರೂ ಇವೆ. ಬಹುಪಾಲು ತರಗತಿಗಳಲ್ಲಿ ಸದ್ಯಕ್ಕೆ ಬಾಯಿಪಾಠ ಮಾಡಿ, ಅರ್ಥ ಆಮೇಲೆ ಎಂದು ದಾಟಿಬಿಡುತ್ತಾರೆ. ಅದನ್ನೇ ಬಿಡಿಸಿ ಹೇಳಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.

ಜಾವಾದಲ್ಲಿ ಬರೆಯುವುದು ಸುಲಭ, ಓದುವುದು ಕಷ್ಟವಾಗಿತ್ತು. 1997ರ 1.1 ಆವೃತ್ತಿಯಲ್ಲಿ ಬೈಟ್ ಓದುವ ಕ್ಲಾಸ್‌ಗಳೂ ಅಕ್ಷರ ಓದುವ ಕ್ಲಾಸ್‌ಗಳೂ ಬೇರೆಯಾದವು. ಕೀಲಿಮಣೆಯಿಂದ ಒಂದು ಸಾಲು ಪಡೆಯಲು ಒಂದರೊಳಗೊಂದು ಆಬ್ಜೆಕ್ಟ್ ಇಡಬೇಕಾಯಿತು. ಹೊಸಬರಿಗೆ ಇದು ಸುಮ್ಮನೆ ಕಾಟ ಎನಿಸಿದರೂ ಕನ್ನಡದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ‘ಕನ್ನಡ’ ಎಂಬ ಪದ ಯುನಿಕೋಡ್‌ನಲ್ಲಿ ಕ, ನ, ಹಲಂತ ಚಿಹ್ನೆ, ನ, ಡ ಎಂದು 5 ಸಂಕೇತ. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3ರಂತೆ 15 ಬೈಟ್. ಬೈಟ್ ಬೈಟಾಗಿ ಓದಿ ಮುದ್ರಿಸಿದರೆ ಪರದೆಯ ಮೇಲೆ ಮೂಡುವುದು ಕಲಸುಮೇಲೋಗರ. ಬೈಟುಗಳನ್ನು ಅಕ್ಷರಗಳಾಗಿ ಮಾಡುವ ಹೊಣೆಯನ್ನು ಒಂದು ಕ್ಲಾಸ್ ಹೊತ್ತಾಗ ಉಳಿದ ಪ್ರೋಗ್ರಾಂ ಆ ಚಿಂತೆ ಬಿಡಬಹುದು.

2004ರ ಜಾವಾ 5ರಲ್ಲಿ ಬಂದ ಸ್ಕ್ಯಾನರ್ ಕ್ಲಾಸ್ ಓದುವುದನ್ನು ಸಲೀಸು ಮಾಡಿತು, ಜೊತೆಗೆ ಒಂದು ಹೊಸ ಗೊಂದಲವನ್ನೂ ತಂದಿತು. ಮೊದಲು ವಯಸ್ಸು, ಆಮೇಲೆ ಹೆಸರು ಕೇಳುವ ಪ್ರೋಗ್ರಾಂ ಬರೆದವರಿಗೆ ಹೆಸರು ಖಾಲಿಯಾಗಿ ಬರುತ್ತದೆ. ನೆಕ್ಸ್ಟ್‌ಇಂಟ್ ಅಂಕಿಯನ್ನಷ್ಟೇ ಎತ್ತಿಕೊಂಡು ಎಂಟರ್ ಒತ್ತಿದ ಗುರುತನ್ನು ಅಲ್ಲೇ ಬಿಡುತ್ತದೆ. ನೆಕ್ಸ್ಟ್‌ಲೈನ್ ಆ ಗುರುತನ್ನೇ ಸಾಲಿನ ಕೊನೆ ಎಂದು ತಿಳಿಯುತ್ತದೆ. ಎಲ್ಲಿಯವರೆಗೆ ಓದಿದೆ ಎಂಬ ನೆನಪು ಸ್ಕ್ಯಾನರ್ ಆಬ್ಜೆಕ್ಟಿನೊಳಗಿದೆ ಎಂದು ಅರಿತವರಿಗೆ ಇದು ಒಗಟಲ್ಲ. ಗೀಡೋ ವಾನ್ ರೋಸಮ್ ಅವರ ಪೈಥಾನ್‌ನಲ್ಲಿ ಎಡವುವ ಜಾಗ ಬೇರೆ. 2008ರ ಪೈಥಾನ್ 3ರಿಂದ ಇನ್‌ಪುಟ್ ಯಾವಾಗಲೂ ಅಕ್ಷರಮಾಲೆಯನ್ನೇ ಕೊಡುತ್ತದೆ. 5 ಮತ್ತು 3 ಟೈಪ್ ಮಾಡಿ ಕೂಡಿಸಿದರೆ 8ರ ಬದಲು 53 ಬರುತ್ತದೆ. ಅಕ್ಷರಮಾಲೆಯೂ ಒಂದು ಕ್ಲಾಸ್, ಕೂಡುವ ಚಿಹ್ನೆಗೆ ಅದರಲ್ಲಿ ಜೋಡಿಸು ಎಂಬ ಅರ್ಥ.

ಇನ್‌ಪುಟ್, ಔಟ್‌ಪುಟ್ ಅನ್ನು ಪಕ್ಕಕ್ಕಿಟ್ಟು ಆಬ್ಜೆಕ್ಟ್‌ನಿಂದಲೇ ಪಾಠ ಶುರು ಮಾಡುವ ಪ್ರಯತ್ನವೂ ನಡೆದಿದೆ. ಮೈಕಲ್ ಕೋಲಿಂಗ್ ಮತ್ತು ಜಾನ್ ರೋಸನ್‌ಬರ್ಗ್ ಆಸ್ಟ್ರೇಲಿಯಾದಲ್ಲಿ ಬೆಳೆಸಿ 1999ರಲ್ಲಿ ಹೊರತಂದ ಬ್ಲೂಜೆ ತಂತ್ರಾಂಶದಲ್ಲಿ ಕ್ಲಾಸ್‌ಗಳು ಪೆಟ್ಟಿಗೆಗಳಾಗಿ ಕಾಣುತ್ತವೆ. ಮೌಸ್ ಒತ್ತಿ ಆಬ್ಜೆಕ್ಟ್ ಮಾಡಬಹುದು, ಅದರ ಕೆಲಸಗಳನ್ನು ಒಂದೊಂದಾಗಿ ಕರೆದು ನೋಡಬಹುದು. ಪ್ರೋಗ್ರಾಂ ಓಡಲು ಶುರುವಾಗುವ ಮೈನ್ ಎಂಬ ಸಾಲೇ ಬೇಕಿಲ್ಲ. ಜೋ ಚೌಕದ ಪಾಠಕ್ಕೆ ಹತ್ತಿರವಾದ ದಾರಿ ಇದು.

ಡಾಲ್ ಮತ್ತು ನ್ಯೂಗೋರ್ ಅವರಿಗೆ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಇಬ್ಬರೂ 2002ರಲ್ಲಿ ತೀರಿಕೊಂಡರು. ಅವರ ಬಳಿಕವೂ ಕ್ಲಾಸಿನ ಪಾಠ ಬದಲಾಗುತ್ತಲೇ ಇದೆ. ಎಲ್ಲವೂ ಕ್ಲಾಸಿನ ಒಳಗೇ ಇರಬೇಕು ಎಂಬ ತನ್ನ ಹಳೆಯ ಪಟ್ಟನ್ನು ಜಾವಾ 2025ರ 25ನೆಯ ಆವೃತ್ತಿಯಲ್ಲಿ ಸಡಿಲಿಸಿತು. ಈಗ ಹೊಸಬರು ಕ್ಲಾಸಿನ ಹೆಸರು ಬರೆಯದೆ, ಮೈನ್ ಒಳಗೆ ಐಒ ಡಾಟ್ ಪ್ರಿಂಟ್‌ಎಲ್ಎನ್ ಎಂದಷ್ಟೇ ಬರೆದು ಪ್ರೋಗ್ರಾಂ ಓಡಿಸಬಹುದು, ಐಒ ಡಾಟ್ ರೀಡ್‌ಎಲ್ಎನ್ ಎಂದು ಒಂದು ಸಾಲು ಓದಿಕೊಳ್ಳಬಹುದು. ಅವರು ಬರೆಯದಿದ್ದ ಕ್ಲಾಸನ್ನು ಕಂಪೈಲರ್ ತಾನೇ ಕಟ್ಟಿಕೊಳ್ಳುತ್ತದೆ.