ಚೀನೀಯ ವೈದ್ಯದಲ್ಲಿ ದೇಹಭೇದವೂ ಆಹಾರವಿಧಿಯೂ

ಮನುಷ್ಯರ ದೇಹಗಳನ್ನು ಒಂಬತ್ತು ಬಗೆಯಾಗಿ ವಿಂಗಡಿಸಿ, ಒಂದೊಂದು ಬಗೆಯವರಿಗೂ ಇಂತಿಂತಹ ಆಹಾರವೇ ಹಿತವೆಂದು ವಿಧಿಸುವ ಚೀನದೇಶದ ಪದ್ಧತಿಯೊಂದು ಈಚೆಗೆ ಬಹಳ ಪ್ರಚಾರಕ್ಕೆ ಬಂದಿರುವುದು. ಇದನ್ನು ಕಂಡೊಡನೆ, “ಇದು ನಮ್ಮ ವಾತಪಿತ್ತಕಫಪ್ರಕೃತಿಗಳ ವಿಚಾರವೇ ಸರಿ, ಬೌದ್ಧಭಿಕ್ಷುಗಳ ಮೂಲಕ ಅಲ್ಲಿಗೆ ಹೋಗಿರಬೇಕು” ಎಂದು ನಿರ್ಣಯಿಸಿಬಿಡುವುದು ಸುಲಭ. ಆದರೆ ಹೋಲಿಕೆ ಕಂಡ ಮಾತ್ರಕ್ಕೆ ವಸ್ತು ಒಂದೇ ಆಗಲಾರದು. ಚೀನೀಯ ಗ್ರಂಥಗಳನ್ನು ಕಾಲಕ್ರಮದಿಂದ ನೋಡುತ್ತ ಬಂದರೆ, ಅವರು ದೇಹಭೇದವೆಂದು ಎಣಿಸಿದುದು ನಮ್ಮ ಶಾಸ್ತ್ರದ ‘ಪ್ರಕೃತಿ’ಗಿಂತಲೂ ‘ಸಾತ್ಮ್ಯ’ಕ್ಕೆ ಹೆಚ್ಚು ಸಮೀಪವಾದುದೆಂದು ನನಗೆ ತೋರುವುದು. ಈ ಭೇದವು ಬರಿಯ ಶಬ್ದದ ಭೇದವಲ್ಲ. ಪ್ರಕೃತಿಯು ಹುಟ್ಟಿನೊಡನೆ ಬರತಕ್ಕದ್ದು. ಸಾತ್ಮ್ಯವು ದೇಶದಿಂದಲೂ ಅಭ್ಯಾಸದಿಂದಲೂ ಬೆಳೆಯತಕ್ಕದ್ದು. ಊಟದ ನಿಯಮವನ್ನು ಯಾವುದರ ಮೇಲೆ ನಿಲ್ಲಿಸಬೇಕೆಂಬುದು ರೋಗಿಯ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ.

ಚೀನೀಯ ವೈದ್ಯಕ್ಕೆ ಮೂಲಗ್ರಂಥವೆನಿಸಿದ ‘ಹ್ವಾಂಗ್‌ದಿ ನೇಯ್‌ಜಿಂಗ್’ ಎಂಬುದು ಕ್ರಿ. ಪೂ. 2-1ನೆಯ ಶತಮಾನಗಳ ಸುಮಾರಿಗೆ ಸಂಕಲಿತವಾಯಿತೆಂಬುದು ಬಹುಮಂದಿ ವಿದ್ವಾಂಸರ ಮತ. ಅದರಲ್ಲಿ ಸೂವೆನ್, ಲಿಂಗ್‌ಶೂ ಎಂಬ ಎರಡು ಭಾಗಗಳುಂಟು. ಸೂವೆನ್ನಿನ 12ನೆಯ ಅಧ್ಯಾಯದಲ್ಲಿ ಚಕ್ರವರ್ತಿಯು ವೈದ್ಯನನ್ನು ಕೇಳುವ ಪ್ರಶ್ನೆ ಸ್ವಾರಸ್ಯವಾಗಿದೆ: ರೋಗವು ಒಂದೇ ಆಗಿದ್ದರೂ ವೈದ್ಯರು ಬೇರೆ ಬೇರೆ ಚಿಕಿತ್ಸೆಗಳನ್ನು ಮಾಡುತ್ತಾರೆ, ಆದರೂ ಎಲ್ಲರಿಗೂ ಗುಣವಾಗುವುದು, ಇದು ಹೇಗೆ? ನೆಲದ ಸ್ವಭಾವವೇ ಇದಕ್ಕೆ ಕಾರಣವೆಂಬುದು ಉತ್ತರ. ಪೂರ್ವದಿಕ್ಕಿನ ಕಡಲಂಚಿನವರು ಮೀನು ಉಪ್ಪುಗಳನ್ನು ತಿನ್ನುವವರು. ಅವರಿಗೆ ವ್ರಣಗಳು ಹೆಚ್ಚು, ಆದುದರಿಂದ ಕಲ್ಲಿನ ಶಸ್ತ್ರವು ಪೂರ್ವದಿಂದ ಬಂದಿತು. ಪಶ್ಚಿಮದವರು ಮರಳುಗಾಡಿನಲ್ಲಿ ಕೊಬ್ಬಿದ ಆಹಾರದಿಂದ ಪುಷ್ಟರಾದವರು. ರೋಗವು ಅವರಿಗೆ ಒಳಗಿನಿಂದಲೇ ಹುಟ್ಟುವುದರಿಂದ ಔಷಧಗಳು ಅಲ್ಲಿಂದ ಬಂದುವು. ಉತ್ತರದ ಚಳಿಯಲ್ಲಿ ಹಾಲುಂಡು ಬಾಳುವವರಿಗೆ ದಹನಚಿಕಿತ್ಸೆ. ಹುಳಿಯನ್ನೂ ಹುದುಗಿಸಿದ ಪದಾರ್ಥಗಳನ್ನೂ ಮೆಚ್ಚುವ ದಕ್ಷಿಣದವರಿಗೆ ಸೂಚೀಚಿಕಿತ್ಸೆ. ನಾನಾವಿಧವಾಗಿ ಉಂಡು ಶ್ರಮವಿಲ್ಲದೆ ಇರುವ ಮಧ್ಯದೇಶದವರಿಗೆ ಅಂಗಮರ್ದನವೂ ವ್ಯಾಯಾಮವೂ. ಇಲ್ಲಿ ದೇಹವನ್ನು ರೂಪಿಸುವುದು ನೆಲ ಮತ್ತು ಊಟ. ಹುಟ್ಟಿನ ಮಾತೇ ಬರುವುದಿಲ್ಲ.

ಹುಟ್ಟಿನ ಮಾತು ಬರುವುದು ಲಿಂಗ್‌ಶೂವಿನಲ್ಲಿ. ಅದರ 64ನೆಯ ಅಧ್ಯಾಯವು ಕಾಷ್ಠ, ಅಗ್ನಿ, ಭೂಮಿ, ಲೋಹ, ಜಲಗಳೆಂಬ ಐದು ತತ್ತ್ವಗಳಿಂದ ಐದು ಬಗೆಯ ಮನುಷ್ಯರನ್ನು ಹೇಳಿ, ಒಂದೊಂದನ್ನು ಮತ್ತೆ ಐದಾಗಿ ಒಡೆದು 25 ಬಗೆಗಳನ್ನು ವರ್ಣಿಸುವುದು. ಕಾಷ್ಠಪುರುಷನು ಹಸುರುಛಾಯೆಯವನು, ಸಣ್ಣ ತಲೆ, ನೀಳವಾದ ಮುಖ, ಅಗಲವಾದ ಭುಜಗಳುಳ್ಳವನು, ಬಹುಚಿಂತೆಯವನು, ವಸಂತಗ್ರೀಷ್ಮಗಳನ್ನು ತಾಳಬಲ್ಲನು, ಶರತ್ತು ಹೇಮಂತಗಳನ್ನು ತಾಳಲಾರನು. ಭೂಪುರುಷನು ದುಂಡುಮುಖದವನು, ದೊಡ್ಡ ಹೊಟ್ಟೆಯವನು, ಶಾಂತನು, ಪರೋಪಕಾರಿ. 72ನೆಯ ಅಧ್ಯಾಯದಲ್ಲಿ ಯಿನ್ ಯಾಂಗ್ ಎಂಬ ದ್ವಂದ್ವತತ್ತ್ವದ ಹೆಚ್ಚುಕಡಿಮೆಗಳಿಂದ ಬೇರೊಂದು ಪಂಚವಿಭಾಗವುಂಟು. ಇವನ್ನು ಓದುವಾಗ ಚರಕನ ವಿಮಾನಸ್ಥಾನದ ಶ್ಲೇಷ್ಮಲ, ಪಿತ್ತಲ, ವಾತಲರು ನೆನಪಿಗೆ ಬಾರದಿರಲಾರರು. ಆದರೆ ಈ ಅಧ್ಯಾಯಗಳಲ್ಲಿ ದೇಹಭೇದವನ್ನು ಹೇಳುವುದು ಮುಖ್ಯವಾಗಿ ಸೂಚೀಚಿಕಿತ್ಸೆಗಾಗಿ, ಊಟಕ್ಕಾಗಿ ಅಲ್ಲ. ಮುಂದಿನ 65ನೆಯ ಅಧ್ಯಾಯವು ಈ ಬಗೆಗಳಿಗೆ ಸಂಬಂಧಿಸಿದ ಸ್ವರಗಳ ಎದುರಿಗೆ ಧಾನ್ಯ, ಪಶು, ಫಲ, ರಸಗಳನ್ನು ಜೋಡಿಸಿರುವುದು ನಿಜ. ಆದರೆ ಅದು ತತ್ತ್ವಗಳ ಹೊಂದಾಣಿಕೆಯ ಪಟ್ಟಿ. ಇಂತಹವನು ಇದನ್ನು ಉಣ್ಣಲಿ, ಇದನ್ನು ಬಿಡಲಿ ಎಂಬ ವಿಧಿನಿಷೇಧಗಳು ಅದರಲ್ಲಿಲ್ಲ.

ಹಾಗೆಂದು ಆಹಾರಚಿಕಿತ್ಸೆಯು ಅಲ್ಲಿ ಗೌಣವಾಗಿದ್ದಿತೆಂದು ತಿಳಿಯಬಾರದು. ‘ಜೋವುಲೀ’ ಎಂಬ ಪ್ರಾಚೀನ ರಾಜ್ಯವಿಧಾನಗ್ರಂಥವು ಅರಮನೆಯ ವೈದ್ಯರನ್ನು ನಾಲ್ಕು ವರ್ಗ ಮಾಡಿ ಆಹಾರವೈದ್ಯನನ್ನೇ ಮೊದಲು ಎಣಿಸುವುದು. ಕ್ರಿ. ಶ. 200ರ ಸುಮಾರಿನ ಜಾಂಗ್ ಜೋಂಗ್‌ಜಿಂಗನು ಜ್ವರಕ್ಕೆ ದಾಲಚಿನ್ನಿರೆಂಬೆಯ ಕಷಾಯವನ್ನು ಕೊಟ್ಟ ಬಳಿಕ ಬಿಸಿಯಾದ ತೆಳುಗಂಜಿಯನ್ನು ಕುಡಿಸಿ ಬೆವರಿಸಬೇಕೆಂದು ವಿಧಿಸಿದ್ದಾನೆ. ಮತ್ತೊಂದು ತೀಕ್ಷ್ಣವಾದ ಔಷಧವನ್ನು ಬಲಿಷ್ಠನಿಗೆ ಕೊಡುವುದರಲ್ಲಿ ಅರ್ಧವನ್ನಷ್ಟೇ ದುರ್ಬಲನಿಗೆ ಕೊಡಬೇಕೆಂದಿದ್ದಾನೆ. 682ರಲ್ಲಿ ಗತಿಸಿದ ಸುನ್ ಸೀಮ್ಯಾವೋ ಎಂಬ ಮಹಾವೈದ್ಯನು ತನ್ನ ಗ್ರಂಥದಲ್ಲಿ ಆಹಾರಚಿಕಿತ್ಸೆಗೆಂದೇ ಒಂದು ಖಂಡವನ್ನು ಮೀಸಲಿಟ್ಟು, ಮೊದಲು ಆಹಾರದಿಂದ ಚಿಕಿತ್ಸಿಸಬೇಕು, ಅದರಿಂದಾಗದಿದ್ದರೆ ಮಾತ್ರ ಔಷಧವೆಂದು ಸಾರಿದನು. ಭಾರತದ ಪ್ರಭಾವವನ್ನು ಹುಡುಕುವವರಿಗೆ ಇವನಲ್ಲಿ ಸಾಮಗ್ರಿಯುಂಟು: ಚತುರ್ಭೂತಗಳ ಕೋಪದಿಂದ 404 ರೋಗಗಳೆಂಬ ಬೌದ್ಧಗಣನೆಯನ್ನು ಅವನು ಉದಾಹರಿಸುವನು, ಔಷಧವಲ್ಲದ ವಸ್ತುವೇ ಲೋಕದಲ್ಲಿಲ್ಲವೆಂಬ ಮಾತನ್ನು ಜೀವಕನ ಹೆಸರಿನಲ್ಲಿ ಹೇಳುವನು. ಭೂತಗಳ ಮಾತು ಹೋಯಿತು, ಜೀವಕನ ಕೀರ್ತಿ ಹೋಯಿತು; ಪ್ರಕೃತಿಯ ವಿಚಾರವು ಹೋಯಿತೆ?

ಇದಕ್ಕೆ ಅತ್ಯುತ್ತಮ ಸಾಕ್ಷಿ ಇತ್ಸಿಂಗ್ ಭಿಕ್ಷು. ಇವನು 671ರಲ್ಲಿ ಸಮುದ್ರಮಾರ್ಗವಾಗಿ ಚೀನವನ್ನು ಬಿಟ್ಟು, ನಾಳಂದೆಯಲ್ಲಿ ಸುಮಾರು ಹತ್ತು ವರ್ಷ ಓದಿ, 695ರಲ್ಲಿ ಸ್ವದೇಶಕ್ಕೆ ಮರಳಿದನು. ದಕ್ಷಿಣಸಮುದ್ರದ ಶ್ರೀವಿಜಯದಿಂದ 692ರಲ್ಲಿ ಅವನು ಕಳುಹಿಸಿದ ವೃತ್ತಾಂತವು ಮುಖ್ಯವಾಗಿ ವಿನಯನಿಯಮಗಳನ್ನು ಕುರಿತದ್ದು. ತಕಕುಸು ಪಂಡಿತರು 1896ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಅದರಲ್ಲಿ ರೋಗವನ್ನೂ ಔಷಧವನ್ನೂ ಕುರಿತ ಅಧ್ಯಾಯಗಳು ಬಂದಿರುವುದು ನಮ್ಮ ಪುಣ್ಯ. ದೇಹದ ವೈಷಮ್ಯಗಳನ್ನು ಅವನು ಸಂಸ್ಕೃತಶಬ್ದಗಳಿಂದಲೇ, ಚೀನೀ ಉಚ್ಚಾರಣೆಯಲ್ಲಿ, ನಾಲ್ಕಾಗಿ ಎಣಿಸುವನು. ಕಡೆಯ ಮೂರು ಕಫ, ಪಿತ್ತ, ವಾತಗಳು. ಮೊದಲನೆಯದು ಭೂಮಿಯ ಆಧಿಕ್ಯದಿಂದ ಮೈ ಭಾರವಾಗುವುದೆಂದು ವಿವರಿಸಿರುವುದರಿಂದ ‘ಗುರು’ ಶಬ್ದವೇ ಇರಬೇಕು. ಕೂಡಲೇ ಅವನು ಮತ್ತೊಂದು ಮಾತನ್ನು ಸೇರಿಸುವನು: ಲೌಕಿಕಮತದಲ್ಲಿ ಇವು ಮೂರೇ, ಭಾರವನ್ನು ಕಫದಲ್ಲಿಯೇ ಅಡಗಿಸುವರು. ಬೌದ್ಧರ ಭೂತಚತುಷ್ಟಯವನ್ನೂ ಆಯುರ್ವೇದದ ತ್ರಿದೋಷವನ್ನೂ ಬೆರೆಸದೆ ಬೇರೆಯಾಗಿ ಕಂಡ ಈ ಪರದೇಶಿಯ ಎಚ್ಚರವು ಮೆಚ್ಚತಕ್ಕದ್ದು.

ಇಷ್ಟು ತಿಳಿದವನು ತನ್ನ ದೇಶದವರಿಗೆ ಏನನ್ನು ಬೋಧಿಸಿದನು? ಬೆಳಗಿನ ಲಘುಭೋಜನಕ್ಕೆ ಮುನ್ನ ಪ್ರತಿಯೊಬ್ಬನೂ ತನ್ನ ಮೈಯನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಹಗುರವಾಗಿದ್ದರೆ ಎಂದಿನಂತೆ ಉಣ್ಣಬಹುದು. ಬೇರೆಯಾಗಿ ತೋರಿದರೆ ಕಾರಣವನ್ನು ಹುಡುಕಬೇಕು. ರೋಗಗಳಿಗೆ ಅತಿಭೋಜನವೇ ಮುಖ್ಯಕಾರಣ, ಲಂಘನವೇ ಮೊದಲ ಮದ್ದು. ದುಬಾರಿಯಾದ ಔಷಧವು ಬಡವನಿಗೆ ದೊರೆಯುವುದೆಲ್ಲಿ? ಲಂಘನಕ್ಕೆ ಕಾಸು ಬೇಡ. ಅದನ್ನು ಬಲ್ಲವನು ತನಗೆ ತಾನೇ ವೈದ್ಯರಾಜನು, ತಾನೇ ಜೀವಕನು ಎಂಬುದು ಅವನ ಅಭಿಪ್ರಾಯ. ಗಮನಿಸಿರಿ: ವಾತಪಿತ್ತಕಫಗಳನ್ನು ಅವನು ತಂದದ್ದು ರೋಗದ ಲೆಕ್ಕದಲ್ಲಿ. ವಾತಲನು ಇದನ್ನು ಉಣ್ಣಲಿ, ಪಿತ್ತಲನು ಅದನ್ನು ಉಣ್ಣಲಿ ಎಂಬ ವಿಭಾಗವನ್ನು ಆ ಅಧ್ಯಾಯಗಳಲ್ಲಿ ಅವನು ಮಾಡುವುದೇ ಇಲ್ಲ.

ಆದರೆ ಮನುಷ್ಯರಲ್ಲಿ ಭೇದವಿಲ್ಲವೆಂದೂ ಅವನು ಹೇಳಿದವನಲ್ಲ. ಪಶ್ಚಿಮದ ಲಾಟದೇಶದಲ್ಲಿ ರೋಗಿಗಳು ಅರ್ಧಮಾಸವನ್ನೋ ಒಂದು ಮಾಸವನ್ನೋ ನಿರಾಹಾರರಾಗಿ ಕಳೆಯುವರು. ಮಧ್ಯದೇಶದಲ್ಲಿ ಹೆಚ್ಚೆಂದರೆ ಏಳು ದಿನ. ದಕ್ಷಿಣಸಮುದ್ರದ ದ್ವೀಪಗಳಲ್ಲಿ ಎರಡು ಮೂರು ದಿನ. ನೆಲ ಗಾಳಿಗಳೂ ದೇಹದ ಭೂತಗಳೂ ಬೇರೆ ಬೇರೆಯಾದುದರಿಂದ ಒಂದೇ ಅಳತೆ ಸಲ್ಲದೆಂದು ಹೇಳಿ, ಚೀನದಲ್ಲಿ ಲಂಘನವು ಹಿತವೋ ಅಲ್ಲವೋ ತಾನು ನಿಶ್ಚಯಿಸಲಾರೆನೆಂದು ಅವನು ನಿಲ್ಲಿಸುವನು. ಭಾರತದ ಪದ್ಧತಿಗೆ ಅಷ್ಟು ಮಾರುಹೋದವನೇ ಅದನ್ನು ತನ್ನವರ ಮೇಲೆ ಹೇರುವಾಗ ಹಿಂಜರಿದುದು ಸಾಮಾನ್ಯವಲ್ಲ. ಸೂವೆನ್ನಿನ ಐದು ದಿಕ್ಕುಗಳ ಶಾಸ್ತ್ರವೇ ಇಲ್ಲಿ ಅವನ ಬಾಯಿಂದ ಮಾತಾಡುತ್ತಿರುವಂತೆ ನನಗೆ ಕೇಳಿಸುವುದು.

ನಮ್ಮ ಶಾಸ್ತ್ರಕ್ಕೂ ಈ ದೃಷ್ಟಿ ಹೊಸದಲ್ಲ. ಆದರೆ ಅದು ಬರುವುದು ಬೇರೆ ಪ್ರಕರಣದಲ್ಲಿ. ಚರಕನ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಕ್ಷಾರವನ್ನು ಅತಿಯಾಗಿ ಸೇವಿಸಿ ದೃಷ್ಟಿನಾಶ, ನರೆ ಮೊದಲಾದುವುಗಳಿಗೆ ಗುರಿಯಾಗುವವರಿಗೆ ಪ್ರಾಚ್ಯರನ್ನೂ ಚೀನರನ್ನೂ ನಿದರ್ಶನವಾಗಿ ಕೊಟ್ಟಿದೆ. ಚಿಕಿತ್ಸಾಸ್ಥಾನದ ಕೊನೆಯಲ್ಲಿ, ದೃಢಬಲನು ಪೂರಣಮಾಡಿದ ಭಾಗದಲ್ಲಿ, ಬಾಹ್ಲೀಕ ಪಹ್ಲವಾದಿಗಳೊಡನೆ ಚೀನರನ್ನೂ ಮಾಂಸ, ಗೋಧಿ, ಮಾಧ್ವೀಕಗಳು ಸಾತ್ಮ್ಯವಾದ ಜನರೆಂದು ಎಣಿಸಿದೆ. ಆ ‘ಚೀನ’ರು ಗಡಿನಾಡಿನವರೇ ಇದ್ದಿರಬಹುದು; ಅದು ಬೇರೆ ಚರ್ಚೆ. ಪ್ರಕೃತಿಯನ್ನು ಕುರಿತೋ, ಗರ್ಭಾರಂಭದಲ್ಲಿ ನೆಲೆಗೊಂಡದ್ದು ಆಯುಸ್ಸು ತೀರಿದವನಲ್ಲಿ ಹೊರತು ಮಾರ್ಪಡದೆಂಬುದು ಸುಶ್ರುತನ ಶಾರೀರಸ್ಥಾನದ ಮತ. ದೇಶಕುಲಾದಿಗಳನ್ನು ಅನುಸರಿಸುವ ಪ್ರಕೃತಿಗಳೂ ಚರಕನ ಇಂದ್ರಿಯಸ್ಥಾನದಲ್ಲಿ ಉಕ್ತವಾಗಿವೆಯಲ್ಲಾ ಎಂದು ಯಾರಾದರೂ ಆಕ್ಷೇಪಿಸಬಹುದು. ಅಲ್ಲಿ ಪ್ರಕೃತವಾದುದು ಅರಿಷ್ಟಪರೀಕ್ಷೆ, ಆಹಾರವಿಧಿಯಲ್ಲ.

ಚೀನದಲ್ಲಿ ವ್ಯಕ್ತಿಭೇದದ ವಿಚಾರವು ಸ್ಪಷ್ಟವಾಗಿ ಮೂಡುವುದು ಶೂ ದಾಚುನನ (1693-1771) ಲೇಖನಿಯಲ್ಲಿ. 1757ರ ಅವನ ಗ್ರಂಥದಲ್ಲಿ, ರೋಗವು ಒಂದೇ, ಮನುಷ್ಯರು ಬೇರೆ ಎಂಬ ವಿಷಯಕ್ಕೆಂದೇ ಒಂದು ಪ್ರಬಂಧವಿದೆ. ಒಬ್ಬನನ್ನು ಬದುಕಿಸಿದ ಔಷಧವೇ ಮತ್ತೊಬ್ಬನಿಗೆ ಹಾನಿಮಾಡುವುದನ್ನು ಹೇಳಿ, ಬಲಾಬಲ, ಯಿನ್ ಯಾಂಗ್ ಸ್ವಭಾವ, ಉತ್ತರದಲ್ಲಿ ಬೆಳೆದನೋ ದಕ್ಷಿಣದಲ್ಲಿಯೋ, ದುಡಿಮೆಯವನೋ ಸುಖಿಯೋ, ಮೃಷ್ಟಾನ್ನವನ್ನು ಉಣ್ಣುವವನೋ ಕಾಡುಸೊಪ್ಪನ್ನು ತಿನ್ನುವವನೋ, ಚಿಂತೆಯವನೋ ಸಂತೋಷಿಯೋ ಎಂದು ಅವನು ಕೇಳುತ್ತ ಹೋಗುವನು. ಸಿರಿತನ ಬಡತನಗಳನ್ನೂ ದೇಹಲಕ್ಷಣಗಳ ಜೊತೆಗೇ ನಿಲ್ಲಿಸಿದ ಈ ಪಟ್ಟಿಗಿಂತ ವಿವೇಕವುಳ್ಳದ್ದನ್ನು ನಾನು ಈ ವಿಷಯದಲ್ಲಿ ಓದಿಲ್ಲ.

ಇನ್ನು ಒಂಬತ್ತು ಬಗೆಗಳು. ಇವು ಪ್ರಾಚೀನವೆಂಬ ಭಾವನೆ ಹಲವರಲ್ಲಿದೆ. ವಾಸ್ತವದಲ್ಲಿ ಬೀಜಿಂಗಿನ ವಾಂಗ್ ಚೀ ಎಂಬ ವಿದ್ವಾಂಸರ ಪರಿಶ್ರಮದಿಂದ ಈ ಕಾಲದಲ್ಲಿ ರೂಪುಗೊಂಡು, 2009ರಲ್ಲಿ ಚೀನೀಯ ವೈದ್ಯಸಂಘದ ಪ್ರಮಾಣವಾಗಿ ಪ್ರಕಟವಾದವು. ಸಮದೇಹವೊಂದು, ಉಳಿದವು ಚೀ ಎಂಬ ಪ್ರಾಣಶಕ್ತಿಯ ಕೊರತೆ, ಯಾಂಗ್ ಕೊರತೆ, ಯಿನ್ ಕೊರತೆ, ಕಫಾರ್ದ್ರತೆ, ಆರ್ದ್ರೋಷ್ಣತೆ, ರಕ್ತಸ್ತಂಭ, ಚೀಸ್ತಂಭ, ಕೆಲವು ಪದಾರ್ಥಗಳು ಒಗ್ಗದ ವಿಶೇಷದೇಹ ಎಂಬ ಎಂಟು. ಇವುಗಳಲ್ಲಿ ಹೆಚ್ಚಿನವು ಹುಟ್ಟಿನ ಗುಣಗಳಂತಲ್ಲ, ವೈಷಮ್ಯಗಳಂತೆ ಕಾಣುವುವು; ಇಂತಹ ದೇಹಸ್ಥಿತಿಯನ್ನು ಆಹಾರವಿಹಾರಗಳಿಂದ ತಿದ್ದಬಹುದೆಂಬುದೇ ಆ ಪಂಥದ ಮುಖ್ಯಸಿದ್ಧಾಂತ. ಯಾಂಗ್ ಕೊರತೆಯವನಿಗೆ ಶುಂಠಿ, ಕುರಿಮಾಂಸಗಳು. ಕಫಾರ್ದ್ರದೇಹನಿಗೆ ಜಿಡ್ಡು ಸಿಹಿಗಳ ವರ್ಜನ. ಬಗೆಯನ್ನು ಗೊತ್ತುಮಾಡುವ ಪ್ರಶ್ನಾವಳಿಯು ಕಳೆದ ಒಂದು ವರ್ಷದ ಅನುಭವವನ್ನು ಕೇಳುವುದು: ಬೇಗ ಬಳಲುವೆಯೊ, ಕೈಕಾಲು ತಣ್ಣಗಾಗುವುವೊ, ಬಾಯಿ ಒಣಗುವುದೊ ಎಂದು. ವರ್ಷಕ್ಕೊಮ್ಮೆ ಮಾರ್ಪಡಬಹುದಾದ ಇದನ್ನು ಸುಶ್ರುತನ ‘ಪ್ರಕೃತಿ’ಯೆಂದು ಭಾಷಾಂತರಿಸುವವರು ಎರಡು ಶಾಸ್ತ್ರಗಳಿಗೂ ಅನ್ಯಾಯವನ್ನು ಮಾಡುವರು.