ನಕಲಿನ ಭಂಡಾರ

ಪರೀಕ್ಷೆ ಬರೆದವರಿಗೆಲ್ಲ ಪ್ಯಾಡು ಗೊತ್ತು. ರಟ್ಟಿನದೋ ಪ್ಲೈವುಡ್ಡಿನದೋ ಒಂದು ಹಲಗೆ, ಅದರ ತಲೆಗೊಂದು ಕಬ್ಬಿಣದ ಕ್ಲಿಪ್ಪು. ಇಂಗ್ಲಿಷಿನಲ್ಲಿ ಅದಕ್ಕೆ ಕ್ಲಿಪ್‌ಬೋರ್ಡ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಕಂಟ್ರೋಲ್-ಸಿ ಒತ್ತಿದಾಗ ಪಠ್ಯ ಹೋಗಿ ಕೂರುವ ಜಾಗಕ್ಕೂ ಅದೇ ಹೆಸರು. ಆದರೆ ಪ್ಯಾಡಿಗೆ ಹತ್ತು ಹಾಳೆ ಸಿಕ್ಕಿಸಬಹುದು, ಕಂಪ್ಯೂಟರಿನ ಕ್ಲಿಪ್‌ಬೋರ್ಡಿಗೆ ಒಂದೇ. ಎರಡನೆಯದನ್ನು ಇಟ್ಟ ಕ್ಷಣಕ್ಕೆ ಮೊದಲನೆಯದು ಹೋಯಿತು. ಎಲ್ಲಿಗೆ ಹೋಯಿತೆಂದು ಕೇಳುವಂತಿಲ್ಲ.

ಈ ಒಂದು ಹಾಳೆಯ ಮಿತಿಯನ್ನು ದಾಟಲು ಇರುವ ತಂತ್ರಾಂಶವೇ ಕ್ಲಿಪ್‌ಬೋರ್ಡ್ ಮ್ಯಾನೇಜರ್. ನಾವು ನಕಲು ಮಾಡಿದ್ದನ್ನೆಲ್ಲ ಅದು ಒಂದರ ಕೆಳಗೊಂದು ಸಾಲಾಗಿ ಇಟ್ಟುಕೊಳ್ಳುತ್ತದೆ, ಬೇಕೆಂದಾಗ ಹಿಂದಿನದನ್ನು ಎತ್ತಿ ಕೊಡುತ್ತದೆ. ಸಣ್ಣ ಅನುಕೂಲ ಎನಿಸಬಹುದು. ನನ್ನ ಊರು ತೆಂಗಳಿ, ಓದುತ್ತಿರುವುದು ಸೇಡಂ, ಮಳಖೇಡ, ಚಿತ್ತಾಪುರ ಸೀಮೆಯ ಶಾಸನಗಳನ್ನು. ನಕಲು ಮಾಡುವುದು, ಮಾಡಿದ್ದನ್ನು ಇಟ್ಟುಕೊಳ್ಳುವುದು, ಅದು ಎಲ್ಲಿಂದ ಬಂತೆಂದು ನೆನಪಿಡುವುದು ಈ ಮೂರೂ ಬೇರೆ ಬೇರೆ ಕೆಲಸಗಳು. ಈ ಸೀಮೆಯ ಚರಿತ್ರೆ ಓದುವವರಿಗೆ ಅದು ಬೇಗ ಗೊತ್ತಾಗುತ್ತದೆ.

ಕಂಪ್ಯೂಟರಿನ ಕಥೆ ಮೊದಲು ನೋಡೋಣ. 1960ರ ದಶಕದ ಕೊನೆಯ ಹೊತ್ತಿಗೆ ಸ್ಟ್ಯಾನ್‌ಫರ್ಡಿನಲ್ಲಿ ಪೆಂಟಿ ಕನೆರ್ವಾ ಬರೆದ ಟಿವಿ-ಎಡಿಟ್ ಎಂಬ ಪಠ್ಯ ಸಂಪಾದಕದಲ್ಲಿ, ಅಳಿಸಿದ ಮಾತು ಪೂರ್ತಿ ಸಾಯದೆ ಒಂದು ಕಡೆ ತಾತ್ಕಾಲಿಕವಾಗಿ ಉಳಿಯುತ್ತಿತ್ತು. ಅದನ್ನು ಬೇರೆ ಜಾಗದಲ್ಲಿ ಮರಳಿ ಪಡೆಯಬಹುದಿತ್ತು. ಈ ಹೊಳಹನ್ನು ಮುಂದುವರಿಸಿದವರು ಲ್ಯಾರಿ ಟೆಸ್ಲರ್. ಅವರು ಟಿಮ್ ಮಾಟ್ ಜೊತೆ 1974-75ರಲ್ಲಿ ಜಿಪ್ಸಿ ಎಂಬ ಸಂಪಾದಕವನ್ನು ರೂಪಿಸಿದರು. ಅದು ಪಠ್ಯಪುಸ್ತಕದ ಪ್ರಕಾಶನ ಸಂಸ್ಥೆಯೊಂದಕ್ಕಾಗಿ ಮಾಡಿದ್ದು. ಅಲ್ಲಿನ ಸಂಪಾದಕರು ಬೆರಳಚ್ಚಿನ ಹಾಳೆಯನ್ನು ಕತ್ತರಿಯಲ್ಲಿ ಕತ್ತರಿಸಿ, ಅಂಟು ಹಚ್ಚಿ, ಬೇರೆ ಕಡೆ ಅಂಟಿಸಿ ಪುಸ್ತಕ ತಿದ್ದುತ್ತಿದ್ದರು. ಕಟ್, ಪೇಸ್ಟ್ ಎಂಬ ಹೆಸರುಗಳು ಬಂದಿದ್ದು ಆ ಕತ್ತರಿ ಮತ್ತು ಅಂಟಿನಿಂದ. ಬ್ರೋಮೈಡ್ ಹಾಳೆ ಕತ್ತರಿಸಿ ಪುಟ ಕಟ್ಟಿದ ನಮ್ಮ ಹಳೆಯ ಪತ್ರಕರ್ತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಿಪ್ಸಿ ಹುಟ್ಟಿದ್ದು ಯಾರ ಪ್ರಯೋಗಾಲಯದಲ್ಲಿ ಎಂದು ತಿಳಿದಾಗ ನನಗೆ ನಗು ಬಂತು. ಅದು ಜೆರಾಕ್ಸ್ ಕಂಪನಿಯದು. ಸೇಡಂ, ಚಿತ್ತಾಪುರದ ಯಾವ ಬಸ್ ನಿಲ್ದಾಣದ ಹತ್ತಿರ ನಿಂತರೂ ಆ ಹೆಸರಿನ ಬೋರ್ಡು ಕಾಣುತ್ತದೆ. ಆಧಾರ್ ಕಾರ್ಡಿಗೂ ಪಹಣಿಗೂ ‘ಎರಡು ಜೆರಾಕ್ಸ್’ ಎಂದು ಕೇಳುವ ನಾವು ಕಾಗದದ ನಕಲಿಗೆ ಯಾರ ಹೆಸರು ಇಟ್ಟಿದ್ದೇವೋ, ಪರದೆಯ ಮೇಲಿನ ನಕಲೂ ಅವರ ಮನೆಯಲ್ಲೇ ರೂಪ ಪಡೆಯಿತು.

ಟೆಸ್ಲರ್ 1980ರಲ್ಲಿ ಆಪಲ್ ಸೇರಿದರು. 1983ರ ಲಿಸಾ ಗಣಕದಲ್ಲಿ ಎಕ್ಸ್, ಸಿ, ವಿ ಎಂಬ ಪಕ್ಕಪಕ್ಕದ ಮೂರು ಕೀಲಿಗಳು ಕತ್ತರಿಸಲು, ನಕಲಿಸಲು, ಅಂಟಿಸಲು ಗೊತ್ತಾದವು. ಇವತ್ತಿಗೂ ಅವೇ. ಕ್ಲಿಪ್‌ಬೋರ್ಡಿಗೆ ಒಂದೇ ಹಾಳೆ ಎನ್ನುವುದೂ ಹಾಗೇ ಉಳಿಯಿತು. ನಿಜಕ್ಕೂ ಆ ಒಂದರ ಮಿತಿಯಿಂದಲೇ ಅದು ಎಲ್ಲರ ಕೈಗೆ ಹತ್ತಿತು. ಅಂಟಿಸು ಎಂದರೆ ಯಾವುದನ್ನು ಎಂಬ ಪ್ರಶ್ನೆಯೇ ಏಳುವುದಿಲ್ಲ, ಕೊನೆಯದನ್ನು ಅಷ್ಟೆ.

ಒಂದು ಸಾಲದು ಎಂದವರೂ ಮೊದಲಿನಿಂದ ಇದ್ದರು. ಇಮ್ಯಾಕ್ಸ್ ಬಳಸುವ ಪ್ರೋಗ್ರಾಮರುಗಳ ಹತ್ತಿರ ‘ಕಿಲ್ ರಿಂಗ್’ ಇತ್ತು. ಅಳಿಸಿದ ತುಣುಕುಗಳೆಲ್ಲ ಒಂದು ಬಳೆಯಂತೆ ಸುತ್ತಿಕೊಂಡಿರುತ್ತಿದ್ದವು, ತಿರುಗಿಸಿ ಬೇಕಾದ್ದನ್ನು ತೆಗೆಯಬಹುದಿತ್ತು. 1984ರ ಮ್ಯಾಕಿಂಟಾಶಿನಲ್ಲಿ ಸ್ಕ್ರ್ಯಾಪ್‌ಬುಕ್ ಎಂಬ ಪುಟ್ಟ ಸಾಧನವಿತ್ತು. ಮೈಕ್ರೋಸಾಫ್ಟ್ ಆಫೀಸ್ 2000 ಹನ್ನೆರಡು ತುಣುಕುಗಳನ್ನು ಹಿಡಿದಿಡುತ್ತಿತ್ತು, ಮುಂದಿನ ಆವೃತ್ತಿ ಇಪ್ಪತ್ನಾಲ್ಕನ್ನು. ಆಮೇಲೆ ವಿಂಡೋಸಿಗೆ ಡಿಟ್ಟೊ, ಲಿನಕ್ಸಿನ ಕೆಡಿಇ ಪರಿಸರಕ್ಕೆ ಕ್ಲಿಪ್ಪರ್, ಎಲ್ಲ ಕಡೆಗೂ ಕಾಪಿಕ್ಯೂ, ಹೀಗೆ ಬೇರೆಬೇರೆ ಬಂದವು. ವಿಂಡೋಸ್ ತಾನೇ ಈ ಸೌಲಭ್ಯ ಕೊಟ್ಟಿದ್ದು 2018ರ ಅಕ್ಟೋಬರ್ ನವೀಕರಣದಲ್ಲಿ. ವಿಂಡೋಸ್ ಕೀಲಿಯ ಜೊತೆ ವಿ ಒತ್ತಿದರೆ ಹಿಂದಿನ ಇಪ್ಪತ್ತೈದು ನಕಲುಗಳ ಪಟ್ಟಿ ತೆರೆದುಕೊಳ್ಳುತ್ತದೆ. ಮ್ಯಾಕ್ ಅದನ್ನು ಒಳಗೆ ಬಿಟ್ಟುಕೊಳ್ಳಲು 2025ರವರೆಗೆ ಕಾಯಿತು. ನಲವತ್ತು ವರ್ಷದ ಮೇಲೆ ಪ್ಯಾಡಿಗೆ ಎರಡನೆಯ ಹಾಳೆ ಸಿಕ್ಕಿತು ಎನ್ನಬೇಕು.

ವಿಂಡೋಸಿನ ಈ ಪಟ್ಟಿಗೆ ಒಂದು ಗುಣವಿದೆ. ಯಂತ್ರ ಮರುಚಾಲೂ ಆದರೆ ಎಲ್ಲವೂ ಅಳಿಯುತ್ತದೆ, ಪಿನ್ನು ಚುಚ್ಚಿಟ್ಟದ್ದು ಮಾತ್ರ ಉಳಿಯುತ್ತದೆ. ನಮ್ಮ ಕಡೆ ಕರೆಂಟು ಹೋಗುವ ರೀತಿಗೆ ಈ ಗುಣ ತಿಳಿದಿರುವುದು ಒಳ್ಳೆಯದು. ಡಿಟ್ಟೊ ಹಾಗಲ್ಲ, ಎಲ್ಲವನ್ನೂ ಡಿಸ್ಕಿನ ಕಡತವೊಂದರಲ್ಲಿ ಬರೆದಿಡುತ್ತದೆ.

ಶಾಸನ ಓದುವವರಿಗೆ ಈ ಪಿನ್ನಿನಿಂದ ಆಗುವ ಮೊದಲ ಉಪಕಾರ ಎರಡು ಅಕ್ಷರಗಳದ್ದು. ೞ ಮತ್ತು ಱ. ಹಳೆಯ ಶಾಸನಗಳಲ್ಲಿ ಏೞು, ಬಾೞ್, ಪೊೞಲ್ ಎಂದು ಬರುತ್ತದೆ. ಆಱು, ಕೆಱೆ ಎಂದು ಬರುತ್ತದೆ. ಅವನ್ನು ಳ, ರ ಎಂದು ಬರೆದುಬಿಟ್ಟರೆ ಆ ಶಾಸನ ಯಾವ ಕಾಲದ್ದೆಂದು ಊಹಿಸುವ ಒಂದು ಗುರುತೇ ಅಳಿದಂತೆ. ದಿನನಿತ್ಯದ ಕೀಲಿಮಣೆಯಲ್ಲಿ ಇವು ಸುಲಭಕ್ಕೆ ಸಿಗುವುದಿಲ್ಲ. ಎರಡನ್ನೂ ಪಟ್ಟಿಯಲ್ಲಿ ಪಿನ್ ಮಾಡಿಟ್ಟರೆ ಬೆರಳ ತುದಿಗೆ ಬಂದು ನಿಲ್ಲುತ್ತವೆ. ಅಂದಹಾಗೆ, ಯೂನಿಕೋಡಿನಲ್ಲಿ ೞ ಅಕ್ಷರದ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ತಪ್ಪು ಹೆಸರು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ, ಹಾಗಾಗಿ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಕಲ್ಲಿನಲ್ಲಿ ಕೆತ್ತಿದ ಮೇಲೆ ತಿದ್ದಲಾಗದ ತಪ್ಪುಗಳು ನಮಗೆ ಹೊಸದಲ್ಲ ಬಿಡಿ.

ಎರಡನೆಯದು ನುಡಿ, ಬರಹದ ಕಾಲದ ಕಡತಗಳದ್ದು. ಹಳೆಯ ನುಡಿ ಅಕ್ಷರಶೈಲಿಯ ಪಠ್ಯವನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿದರೆ ಕನ್ನಡ ಮಾಯವಾಗಿ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಕಾರಣ ಸರಳ. ಆ ಕಡತದಲ್ಲಿ ಇರುವುದೇ ರೋಮನ್ ಸಂಕೇತಗಳು, ಅವಕ್ಕೆ ಕನ್ನಡದ ಅಂಗಿ ತೊಡಿಸುವುದು ಅಕ್ಷರಶೈಲಿ. ನಾವು ಒಂದು ನಕಲು ಎಂದುಕೊಂಡದ್ದನ್ನು ಕ್ಲಿಪ್‌ಬೋರ್ಡು ಹಲವು ರೂಪಗಳಲ್ಲಿ ಇಟ್ಟುಕೊಂಡಿರುತ್ತದೆ: ಬರಿಯ ಪಠ್ಯವಾಗಿ ಒಂದು, ಅಕ್ಷರಶೈಲಿಯ ಹೆಸರು ಸಮೇತ ಇನ್ನೊಂದು. ವರ್ಡಿನಲ್ಲಿ ಅಂಟಿಸಿದರೆ ಎರಡನೆಯದು ಬರುತ್ತದೆ, ಕನ್ನಡ ಕಾಣುತ್ತದೆ. ನೋಟ್‌ಪ್ಯಾಡು ಮೊದಲನೆಯದನ್ನಷ್ಟೇ ಎತ್ತಿಕೊಳ್ಳುತ್ತದೆ. ಪಠ್ಯ ಒಂದೇ, ಓದುವವರ ಕೈಯಲ್ಲಿ ಕೀಲಿ ಇರಬೇಕು. ಮೋಡಿ ಕಾಗದ ಓದಲು ಹಿರಿಯರನ್ನು ಹುಡುಕುವ ಮನೆಗಳಿಗೆ ಇದು ಅರ್ಥವಾಗುತ್ತದೆ.

ಇಷ್ಟೆಲ್ಲ ನೆನಪಿಡುವ ಪಟ್ಟಿ ಸಾಮಾನ್ಯವಾಗಿ ಒಂದನ್ನು ನೆನಪಿಡುವುದಿಲ್ಲ: ಆ ಸಾಲು ಯಾವ ಪುಸ್ತಕದ ಎಷ್ಟನೆಯ ಪುಟದ್ದು ಎಂಬುದನ್ನು. ಇಪ್ಪತ್ತೈದು ತುಣುಕುಗಳು ಸಾಲಾಗಿ ನಿಂತಿರುತ್ತವೆ, ಒಂದಕ್ಕೂ ಊರಿಲ್ಲ.

ಶಾಸನದ ಅಚ್ಚು ತೆಗೆಯುವವರು ಈ ವಿಷಯದಲ್ಲಿ ಕಟ್ಟುನಿಟ್ಟು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹರಡಿ, ಬ್ರಷ್ಷಿನಿಂದ ಬಡಿದು ಕಾಗದವನ್ನು ಅಕ್ಷರದ ಗುಳಿಗೆ ಇಳಿಸುತ್ತಾರೆ. ಮೇಲೆ ಮಸಿ ಒತ್ತುತ್ತಾರೆ. ಗುಳಿ ಬಿಳಿಯಾಗಿ ಉಳಿದು ಅಕ್ಷರ ಮೂಡುತ್ತದೆ. ಕಾಗದ ಒಣಗಿದ ಕೂಡಲೇ ಅದರ ಮೇಲೆ ಊರು, ಕಲ್ಲು ನಿಂತ ಜಾಗ, ತಾರೀಖು ಬರೆಯಬೇಕು. ಹಾಗೆ ಬರೆಯದ ಅಚ್ಚು ಎಷ್ಟೇ ಚೊಕ್ಕವಾಗಿದ್ದರೂ ಮಡಿಚಿಟ್ಟ ಹತ್ತು ಕಾಗದಗಳ ನಡುವೆ ಅನಾಥ. ವಾಲ್ಟರ್ ಎಲಿಯಟ್ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕರ್ನಾಟಕದ 595 ಶಾಸನಗಳ ಪ್ರತಿ ಮಾಡಿಸಿದರು. ನಿಜಾಮರ ಕಾಲದಲ್ಲಿ 1914ರಲ್ಲಿ ಹೈದರಾಬಾದಿನ ಪುರಾತತ್ವ ಇಲಾಖೆ ಶುರುವಾಯಿತು, 1928ರಲ್ಲಿ ನಾಗಾವಿಯ ಶಾಸನಗಳು ಅದರ ಮಾಲೆಯಲ್ಲಿ ಅಚ್ಚಾದವು. ಪಿ. ಬಿ. ದೇಸಾಯಿ 1957ರ ತಮ್ಮ ಪುಸ್ತಕದಲ್ಲಿ ಸೇಡಂನ ಜೈನ ಶಾಸನಗಳನ್ನು ಬೆಳಕಿಗೆ ತಂದರು. ಸೇಡಿಂಬದ ಮುನ್ನೂರು ಮಹಾಜನರು ಬಸದಿ ಕಟ್ಟಿಸಿದ್ದು ನಮಗೆ ತಿಳಿದಿರುವುದು ಅಂಥ ಕೆಲಸದಿಂದ. ಇವರ ಪ್ರತಿಗಳಿಗೆ ಬೆಲೆ ಬಂದಿದ್ದು ಊರ ಹೆಸರು ಅವುಗಳ ಜೊತೆ ಉಳಿದದ್ದರಿಂದ.

ಇವತ್ತು ಈ ಎಚ್ಚರಕ್ಕೆ ಇನ್ನೊಂದು ಕಾರಣವೂ ಸೇರಿದೆ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಹೋಲಿಕೆ ಶೇ. 10 ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಶಾಸನ ಪಾಠವೇನೋ ಎಲ್ಲರ ಪುಸ್ತಕದಲ್ಲೂ ಒಂದೇ ಇರಬೇಕು, ಬೇರೆಯಾದರೆ ಅದೇ ತಪ್ಪು. ಆದರೆ ಯಾವುದು ಶಾಸನದ ಸಾಲು, ಯಾವುದು ಸಂಪಾದಕರ ಟಿಪ್ಪಣಿ, ಯಾವುದು ನನ್ನ ಮಾತು ಎಂದು ಮೂರು ತಿಂಗಳ ಮೇಲೆ ಕ್ಲಿಪ್‌ಬೋರ್ಡಿನ ಪಟ್ಟಿಯನ್ನು ಕೇಳಿದರೆ ಅದು ಹೇಳದು. ಹಾಗಾಗಿ ನನ್ನ ಪದ್ಧತಿ ಹೀಗಿದೆ: ಸಾಲನ್ನು ನಕಲಿಸುವಾಗ ಪುಟಸಂಖ್ಯೆಯನ್ನೂ ಸೇರಿಸಿಯೇ ಬಳಿಯುತ್ತೇನೆ. ಅದು ಬಾರದಿದ್ದರೆ ಪುಸ್ತಕದ ಸಂಕ್ಷಿಪ್ತ ಹೆಸರು, ಪುಟವನ್ನು ಮೊದಲು ನಕಲಿಸಿ ಆಮೇಲೆ ಸಾಲನ್ನು ನಕಲಿಸುತ್ತೇನೆ. ಪಟ್ಟಿಯಲ್ಲಿ ಜೋಡಿಯಾಗಿ ನಿಲ್ಲುತ್ತವೆ. ಸಂಜೆ ಅವನ್ನು ಒಂದು ಕಡತಕ್ಕೆ ಇಳಿಸಿದರೆ ಅಂದಿನ ದಿನಚರಿಯೇ ಸಿದ್ಧ.

ನಕಲುಗಳನ್ನು ಕಾಯುವುದಕ್ಕೇ ಜನರನ್ನು ನೇಮಿಸಿದ ದಾಖಲೆ ನಮ್ಮ ಪಕ್ಕದಲ್ಲೇ ಇದೆ. ಚಿತ್ತಾಪುರಕ್ಕೆ ಅಂಟಿಕೊಂಡಂತಿರುವ ನಾಗಾವಿಗೆ ಹೆಚ್ಚಿನವರು ಯಲ್ಲಮ್ಮನ ಜಾತ್ರೆಗೆ ಹೋಗುತ್ತಾರೆ, ಅರವತ್ತು ಕಂಬದ ಗುಡಿ ನೋಡಿ ಬರುತ್ತಾರೆ. ಅಲ್ಲಿನ 1058ರ ಶಾಸನ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ್ದು. ದಂಡನಾಯಕ ಮಧುಸೂದನ ಕಟ್ಟಿಸಿದ ಘಟಿಕಾಸ್ಥಾನದಲ್ಲಿ ವೇದ ಓದುವ 200, ಶಾಸ್ತ್ರ ಓದುವ 52 ವಿದ್ಯಾರ್ಥಿಗಳಿದ್ದರು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಬೋಧಕರು. ಅವರ ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗರು, ಎಂದರೆ ಗ್ರಂಥಪಾಲಕರು. ಬೋಧಕರಷ್ಟೇ ಸಂಖ್ಯೆಯ ಗ್ರಂಥಪಾಲಕರು! ಬೋಧಕರಂತೆ ಅವರ ಜೀವನಕ್ಕೂ ಭೂಮಿ ಬಿಡಲಾಗಿತ್ತು. ಗರಿ ಸವೆಯುತ್ತದೆ, ಹುಳು ತಿನ್ನುತ್ತದೆ, ಪ್ರತಿ ಮಾಡಿಸದಿದ್ದರೆ ಪುಸ್ತಕವೇ ಇಲ್ಲ ಎನ್ನುವ ಕಾಲದಲ್ಲಿ ಆ ಆರು ಮಂದಿಯ ಕೈ ಖಾಲಿ ಇದ್ದಿರಲಾರದು ಎಂದು ನನ್ನ ಊಹೆ. ಅದಕ್ಕೂ ಮೊದಲೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ್ದಳು. ಪೊನ್ನ ಮಳಖೇಡದಿಂದ ಆಳಿದ ಮೂರನೆಯ ಕೃಷ್ಣನ ಕವಿ.

ತಿಳಿಯದಂತೆ ಉಳಿದುಬಿಡುವ ನಕಲಿನದು ಇನ್ನೊಂದು ಕಥೆ. ಜಯಧವಲ ಟೀಕೆ ಮುಗಿದದ್ದು 837ರಲ್ಲಿ, ಅಮೋಘವರ್ಷ ಮಳಖೇಡದಿಂದ ಆಳುತ್ತಿದ್ದಾಗ. ಅದನ್ನು ಮುಗಿಸಿದ ಜಿನಸೇನರು ಆ ದೊರೆಯ ಗುರು. ಅದೂ, 816ರಲ್ಲಿ ಮುಗಿದ ಧವಲವೂ ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ ತಾಳೆಗರಿಯ ಮೇಲೆ, ಹಳಗನ್ನಡ ಲಿಪಿಯಲ್ಲಿ ಉಳಿದವು. ಯಾತ್ರಿಕರು ಕೈಮುಗಿದು ದರ್ಶನ ಮಾಡುತ್ತಿದ್ದರು, ಓದುವವರಿಗೆ ಕೊಡುತ್ತಿರಲಿಲ್ಲ. ಗರಿಗಳು ಜೀರ್ಣವಾಗುತ್ತ ಬಂದಾಗ 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾಗಿ 1922ರ ತನಕ ನಡೆಯಿತು. ಆ ಪ್ರತಿ ಬಸದಿಯಿಂದ ಹೊರಗೆ ಹೋಗುವಂತಿರಲಿಲ್ಲ. ಆದರೆ ಲಿಪಿಕಾರ ಗಜಪತಿ ಉಪಾಧ್ಯಾಯರು ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಟ್ಟುಕೊಂಡರು. ಅದು ಉತ್ತರದ ಸಹಾರನ್‌ಪುರಕ್ಕೆ ಹೋಯಿತು. ಅಲ್ಲಿ ಅದನ್ನು ನಾಗರಿಗೆ ಇಳಿಸುವಾಗ ಸೀತಾರಾಮ ಶಾಸ್ತ್ರಿ ತಮಗೊಂದು ಪ್ರತಿ ಉಳಿಸಿಕೊಂಡರು. ಆ ಉಳಿಸಿಕೊಂಡ ಪ್ರತಿಯಿಂದ ಬೇರೆ ಊರುಗಳಿಗೆ ಪ್ರತಿಗಳು ಹೋದವು, 1939ರಲ್ಲಿ ಹೀರಾಲಾಲ್ ಜೈನ್ ಸಂಪಾದನೆಯಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಕೊಟ್ಟ ಮಾತು ತಪ್ಪಿದರೆಂದು ಉಪಾಧ್ಯಾಯರನ್ನು ದೂರಬಹುದು. ನನಗೆ ದೂರಲು ಮನಸ್ಸು ಬರುವುದಿಲ್ಲ.

ಕ್ಲಿಪ್‌ಬೋರ್ಡ್ ಮ್ಯಾನೇಜರೂ ಹಾಗೆ ಕೇಳದೆ ಒಂದು ಪ್ರತಿ ಉಳಿಸಿಕೊಳ್ಳುವ ಲಿಪಿಕಾರನೇ. ಅದಕ್ಕೆ ಜಯಧವಲ, ಬ್ಯಾಂಕಿನ ಪಾಸ್‌ವರ್ಡು ಎಂಬ ಭೇದವಿಲ್ಲ. ಪಾಸ್‌ವರ್ಡ್ ಕಾಯುವ ಕೆಲವು ತಂತ್ರಾಂಶಗಳು ‘ಇದನ್ನು ಪಟ್ಟಿಗೆ ಸೇರಿಸಬೇಡ’ ಎಂಬ ಗುರುತು ಹಚ್ಚಿಯೇ ನಕಲಿಸುತ್ತವೆ. ನಾವು ಕೈಯಾರೆ ನಕಲಿಸಿದ ಆಧಾರ್ ಸಂಖ್ಯೆಗೆ ಅಂಥ ಗುರುತು ಇರುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ, ಹಾಸ್ಟೆಲಿನ ಹಂಚಿಕೆಯ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿ ಏಳುವ ಮೊದಲು ವಿಂಡೋಸ್ ಕೀಲಿ ಮತ್ತು ವಿ ಒತ್ತಿ ನೋಡಿ. ಮೇಲೆ ‘ಎಲ್ಲವನ್ನೂ ಅಳಿಸು’ ಎಂದಿರುತ್ತದೆ.

ಧವಲದ ಮುಂದಿನ ಸಂಪುಟಗಳ ಹೊತ್ತಿಗೆ ಮೂಡುಬಿದಿರೆಯವರೇ ಮನಸ್ಸು ಮಾಡಿದರು. ನಕಲಿನ ನಕಲಿನಿಂದ ಅಚ್ಚಾಗುತ್ತಿದ್ದ ಪಾಠವನ್ನು ಮೂಲದ ತಾಳೆಗರಿಗಳ ಜೊತೆ ಸಾಲುಸಾಲಾಗಿ ಹೋಲಿಸಿ ನೋಡಲು ಅವಕಾಶ ಸಿಕ್ಕಿತು. ಎಲ್ಲೆಲ್ಲಿ ಸಾಲು ಬಿಟ್ಟುಹೋಗಿದೆ, ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ಗೊತ್ತಾಗಿದ್ದು ಆಗ.